ತೂಬಿನ ಹತ್ತಿರ ಯಾರಿದ್ದರು?

ಸಂಶೋಧನೆಗೆ ಸೇರುವ ಮುಂಚೆ ಎರಡು ವರ್ಷ ಮಾಲೂರಿನಲ್ಲಿ ರೈಲು ಹತ್ತಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಹೋಗುತ್ತಿದ್ದೆ. ನಮ್ಮದು ಸ್ಕ್ರಮ್ ಪದ್ಧತಿಯ ತಂಡ. ಎರಡು ವಾರದ ಸ್ಪ್ರಿಂಟ್ ಮುಗಿಯಲು ಒಂದೇ ದಿನವಿದ್ದಾಗ ಪ್ರಾಡಕ್ಟ್ ಓನರ್ ನಮ್ಮ ಪಟ್ಟಿಗೆ ಮೂರು ಹೊಸ ಕೆಲಸ ಸೇರಿಸಿದರು. ಯಾರನ್ನೂ ಕೇಳಲಿಲ್ಲ. ಕೆಲಸ ಮುಗಿಯಲಿಲ್ಲ, ಬೈಸಿಕೊಂಡವಳು ನನ್ನ ಪಕ್ಕದ ಹುಡುಗಿ. ನಾನು ಸುಮ್ಮನಿದ್ದೆ.

ಶ್ವೇಬರ್ ಮತ್ತು ಸದರ್ಲೆಂಡ್ ಬರೆದ ಸ್ಕ್ರಮ್ ಗೈಡನ್ನು ಓದಿದ್ದು ಕೆಲಸ ಬಿಟ್ಟ ಮೇಲೆ. 2020ರ ಆವೃತ್ತಿಯಲ್ಲಿ ಸ್ಪಷ್ಟವಾಗಿಯೇ ಇದೆ. ಏನೇನು ಬೇಕು, ಯಾವುದು ಮೊದಲು ಎಂಬ ಪ್ರಾಡಕ್ಟ್ ಬ್ಯಾಕ್‌ಲಾಗ್‌ನ ಹೊಣೆ ಪ್ರಾಡಕ್ಟ್ ಓನರ್‌ದು. ಸ್ಪ್ರಿಂಟ್ ಬ್ಯಾಕ್‌ಲಾಗ್ ಮಾತ್ರ ಕೆಲಸ ಮಾಡುವವರದು. ಎಷ್ಟು ಹೊರಬಲ್ಲೆವು, ಹೇಗೆ ಮಾಡುತ್ತೇವೆ ಎಂದು ಅವರೇ ಬರೆದುಕೊಳ್ಳುವ ಪಟ್ಟಿ ಅದು. ಬದಲಿಸುವುದಿದ್ದರೆ ಇಬ್ಬರೂ ಮಾತಾಡಿಕೊಳ್ಳಬೇಕು.

ಈಗ ಕೋಲಾರ ಜಿಲ್ಲೆಯ ಕೆರೆಗಳ ಮೇಲೆ ಪಿಎಚ್‌ಡಿ ಮಾಡುತ್ತಾ ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳನ್ನು ಸುತ್ತುತ್ತೇನೆ. ಹಳಬರು ನೀರುಗಂಟಿಯ ಮಾತೆತ್ತುತ್ತಾರೆ. ಕೆರೆಯಲ್ಲಿ ನೀರೆಷ್ಟಿದೆ ನೋಡಿ, ಭತ್ತವೋ ರಾಗಿಯೋ ಎಂದು ಊರವರು ಕೂತು ತೀರ್ಮಾನಿಸುತ್ತಿದ್ದರಂತೆ. ತೂಬು ಎತ್ತುವುದು, ಸರದಿಯಂತೆ ಗದ್ದೆಗೆ ನೀರು ಹಾಯಿಸುವುದು ನೀರುಗಂಟಿಯೊಬ್ಬನ ಕೆಲಸ. ದೊಡ್ಡ ಹಿಡುವಳಿದಾರನೂ ತೂಬು ಮುಟ್ಟುವಂತಿರಲಿಲ್ಲ. (ಕತ್ತಲಲ್ಲಿ ಮುಟ್ಟಿದವರೂ ಇದ್ದರು ಅನ್ನಿ.) ಅನೇಕ ಊರುಗಳಲ್ಲಿ ಈ ಕೆಲಸ ದಲಿತ ಮನೆತನದ್ದು, ಕೂಲಿ ಸುಗ್ಗಿಯಲ್ಲಿ ಕೊಡುವ ಕಾಳು. ಕಾಳು ಅಳೆಯುವವನಿಗೇ ಆಗುವುದಿಲ್ಲ ಅನ್ನಬೇಕಿತ್ತು ಆತ. ನನಗೋ ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತಿತ್ತು.

ಶ್ರೀನಿವಾಸಪುರದ ಕಡೆಯ ಅಜ್ಜರೊಬ್ಬರಿಗೆ ಆ ಸ್ಪ್ರಿಂಟಿನ ಕಥೆ ಹೇಳಿದೆ. ಬೀಡಿ ಆರಿಸಿ ಕೇಳಿದರು, "ತೂಬಿನ ಹತ್ರ ಯಾರೂ ಇರ್ಲಿಲ್ವೇನಪ್ಪಾ?"

"ನಾನಿದ್ದೆ" ಅಂದೆ.