ಅಟ್ಟದ ಮೇಲಣ ಬಿಲ್ಲು

ಕಳೆದ ದಸರೆಯ ರಜೆಯಲ್ಲಿ ನನ್ನ ಮೊಮ್ಮಗನು ಬೆಂಗಳೂರಿನಿಂದ ಬಂದಿಳಿದಾಗ ಅವನ ಬೆನ್ನ ಮೇಲೊಂದು ಉದ್ದನೆಯ ಪೆಟ್ಟಿಗೆಯಿದ್ದಿತು. ಹುಡುಗನು ಕಡೆಗೂ ಪಿಟೀಲಿಗೆ ಮನಸ್ಸು ಕೊಟ್ಟನೆಂದು ಅವನ ಅಜ್ಜಿಗೆ ಬಹಳ ಸಂತೋಷವಾಯಿತು. ತೆರೆದು ನೋಡಿದರೆ ಅದರಲ್ಲಿ ಬಿಲ್ಲು! ನಡುವಣ ಹಿಡಿ ಲೋಹದ್ದು. ಮೇಲಿನ ಮತ್ತು ಕೆಳಗಿನ ತೋಳುಗಳನ್ನು ಕಳಚಿ ಬೇರೆಯಾಗಿ ಇಟ್ಟಿದ್ದನು. ಬಾಣಗಳಾದರೋ ಇಂಗಾಲದ ಎಳೆಗಳಿಂದ ಮಾಡಿದ ತೆಳ್ಳನೆಯ ಕೊಳವೆಗಳು. ಅವನ ಶಾಲೆಯಲ್ಲಿ ಬಿಲ್ವಿದ್ಯೆಯನ್ನು ಕಲಿಸುವ ಏರ್ಪಾಡುಂಟಂತೆ. ಮರುದಿನ ಬೆಳಗ್ಗೆ ಹಿತ್ತಲಿನ ಗೋಡೆಗೆ ಹುಲ್ಲಿನ ಪೆಂಡಿಗಳನ್ನು ಒರಗಿಸಿ ಇಪ್ಪತ್ತು ಹೆಜ್ಜೆಗಳ ದೂರದಿಂದ ಬಾಣಬಿಡಲು ತೊಡಗಿದನು. ಬಾಣಗಳೆಲ್ಲ ಒಂದೆಡೆಯಲ್ಲಿಯೇ ನಾಟಿಕೊಳ್ಳುತ್ತಿದ್ದುವು. ಆದರೆ ಗುರಿಯಿಂದ ಒಂದು ಗೇಣು ಎಡಕ್ಕೆ. ಆಮೇಲೆ ಗರಿಗಳೇ ಇಲ್ಲದ ಒಂದು ಬಾಣವನ್ನು ಬಿಟ್ಟನು. ಅದು ಇನ್ನೂ ಎಡಕ್ಕೆ ಹೋಯಿತು.

ನಾನು ಜಗುಲಿಯಿಂದ ಇಳಿದು ಒಂದು ಬಾಣವನ್ನು ತೆಗೆದುಕೊಂಡು, ಅದರ ಎರಡು ತುದಿಗಳನ್ನೂ ಹಿಡಿದು ಮೆಲ್ಲನೆ ಬಗ್ಗಿಸಿ ನೋಡಿ, “ಇದು ನಿನ್ನ ಬಿಲ್ಲಿಗೆ ಗಡುಸಾಯಿತಪ್ಪ. ಮೊನೆಯ ತೂಕವನ್ನು ಸ್ವಲ್ಪ ಹೆಚ್ಚಿಸು” ಎಂದೆನು.

“ತಾತ, ನಮ್ಮ ಕೋಚ್ ಕೂಡ ಹೋದ ವಾರ ಹೀಗೇ ಹೇಳಿದ್ರು! ನಿಮಗೆ ಹೇಗೆ ಗೊತ್ತು?” ಎಂದು ಅವನು ಕಣ್ಣರಳಿಸಿದನು.

ಹುಡುಗನ ಸಂದೇಹವು ನ್ಯಾಯವಾದುದೇ. ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಮೂವತ್ತೈದು ವರ್ಷ ಪಂಡಿತನಾಗಿ ಶಬ್ದರೂಪಗಳನ್ನು ಕಂಠಪಾಠ ಮಾಡಿಸಿದ ಮುದುಕನಿಗೂ ಬಾಣದ ಗಡುಸಿಗೂ ಏನು ಸಂಬಂಧ? ನಾನು ಈ ವಿದ್ಯೆಯನ್ನು ಕಲಿತುದು ಗ್ರಂಥಗಳಿಂದಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಗ್ರಂಥಗಳಿಂದ ನನಗೆ ದೊರೆತಿದ್ದುದು ಹೆಸರುಗಳು. ಅಮರಕೋಶದ ಕ್ಷತ್ರಿಯವರ್ಗವು ನನಗೆ ಹನ್ನೆರಡನೆಯ ವಯಸ್ಸಿನಲ್ಲಿಯೇ ಬಾಯಿಗೆ ಬಂದಿದ್ದಿತು. ಬಿಲ್ಲಿನ ತುದಿಗೆ ಅಟನಿ, ನಡುವಣ ಹಿಡಿಗೆ ಲಸ್ತಕ, ಹೆದೆಗೆ ಮೌರ್ವೀ, ಜ್ಯಾ, ಶಿಂಜಿನೀ. ಎಡಗಾಲನ್ನು ಮುಂದಿಟ್ಟು ನಿಂತರೊಂದು ಹೆಸರು, ಬಲಗಾಲನ್ನು ಮುಂದಿಟ್ಟರೆ ಮತ್ತೊಂದು. ಬಿಲ್ಲನ್ನು ಮಾತ್ರ ಒಂದು ದಿನವೂ ಮುಟ್ಟಿದವನಲ್ಲ.

1986ರಲ್ಲಿ ನಾನು ಚಿತ್ರದುರ್ಗದ ಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆನು. ವಯಸ್ಸು ಇಪ್ಪತ್ತಾರು, ವಿದ್ಯೆಯ ಬಿಸಿ ಆರಿರಲಿಲ್ಲ. ಎಂಟನೆಯ ತರಗತಿಯಲ್ಲಿ ದಶರಥನ ಶಾಪದ ಪಾಠವನ್ನು ಹೇಳುತ್ತ, ಕಣ್ಣಿಗೆ ಕಾಣದ ಗುರಿಯನ್ನು ಸದ್ದಿನಿಂದಲೇ ಹೊಡೆಯುವ ಶಬ್ದವೇಧಿಯ ಮಹಿಮೆಯನ್ನು ಬಹಳವಾಗಿ ಹೊಗಳಿದೆನು. ಧನುರ್ವಿದ್ಯೆಯಲ್ಲಿ ಅದಕ್ಕಿಂತ ಮೇಲಿಲ್ಲವೆಂದೆನು. ಮುನಿಕುಮಾರನ ಸಾವಿಗೆ ಎರಡು ವಾಕ್ಯಗಳು ಸಾಕಾದುವು.

ಮರುದಿನ ಮಧ್ಯಾಹ್ನ ಶಾಲೆಯ ಜಗುಲಿಯ ಕೆಳಗೆ ಒಬ್ಬ ಮುದುಕನು ನಿಂತಿದ್ದನು. ನಾಯಕರ ಹಟ್ಟಿಯವನು, ನನ್ನ ತರಗತಿಯ ಹುಡುಗನೊಬ್ಬನ ಅಜ್ಜ. ಕೈಯಲ್ಲಿದ್ದ ಟವೆಲನ್ನು ಹೆಗಲಿಗೆ ಹಾಕದೆ ನಿಂತು, “ಸ್ವಾಮಿ, ಸದ್ದಿಗೆ ಅಂಬು ಬಿಡೋದು ಭಾರಿ ವಿದ್ಯೆ ಅಂತ ನಮ್ಮ ಹುಡುಗನಿಗೆ ಹೇಳಿದ್ರಂತೆ, ಹೌದಾ?” ಎಂದು ಕೇಳಿದನು.

ಹೌದೆಂದೆನು. “ತಿರುಗಿ ಒಂದು ಸಲ ಹೇಳಿ ಸ್ವಾಮಿ. ತಪ್ಪು ಅಂತ ಹೇಳಿ” ಎಂದಷ್ಟೇ ಹೇಳಿ ಹೊರಟುಹೋದನು.

ನನಗೆ ಕೋಪ ಬಂದಿತೆಂಬುದನ್ನು ಮುಚ್ಚಿಡಲಾರೆ. ಆದರೆ ಕೋಪದ ಅಡಿಯಲ್ಲಿ ಕುತೂಹಲವೂ ಇದ್ದಿತು. ಮುಂದಿನ ಭಾನುವಾರ ಹುಡುಗನನ್ನು ಮುಂದಿಟ್ಟುಕೊಂಡು ಹಟ್ಟಿಗೆ ಹೋದೆನು. ಅಂದಿನಿಂದ ಐದು ವರ್ಷಗಳವರೆಗೆ ಆ ಮನೆಯ ಅಂಗಳವು ನನಗೆ ಎರಡನೆಯ ಪಾಠಶಾಲೆಯಾಯಿತು. (ಅವನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ; ನಮ್ಮ ಕಥೆಗಳಲ್ಲಿ ಗುರುವನ್ನು ಏಕವಚನದಲ್ಲಿ ಕರೆಯುವ ಸಲಿಗೆಯು ಇದ್ದೇ ಇದೆ. ಎದುರಿಗೆ ನಾನು ಅಜ್ಜ ಎನ್ನುತ್ತಿದ್ದೆನು, ನೀವು ಎನ್ನುತ್ತಿದ್ದೆನು.)

ಬಿಲ್ಲನ್ನು ಸೂರಿನಿಂದ ಇಳಿಸಿ ತೋರಿಸಿದನು. ಹೆದೆಯಿಲ್ಲದೆ ಅದು ಹೊರೆ ಹೊರುವ ಅಡ್ಡೆಯ ಕೋಲಿನಂತಿದ್ದಿತು. ಬಿಲ್ಲಿಗೆ ಸದಾ ಹೆದೆಯಿರುವುದೆಂದು ಚಿತ್ರಗಳನ್ನು ನೋಡಿ ನಂಬಿದ್ದ ನನಗೆ ಮೊದಲನೆಯ ಪಾಠವು ಇದೇ: ಕೆಲಸವಿಲ್ಲದಾಗ ಹೆದೆಯನ್ನು ಇಳಿಸಿಡದಿದ್ದರೆ ಬಿದಿರು ಬಾಗಿದಂತೆಯೇ ನಿಂತುಬಿಡುವುದು, ಆಮೇಲೆ ಅದರಲ್ಲಿ ಚಿಮ್ಮುವ ಕಸುವಿಲ್ಲ. ಬಲಿತ ಬಿದಿರನ್ನು ಕಡಿದು ನೆರಳಿನಲ್ಲಿ ಒಣಗಿಸಿ ಸೀಳಬೇಕು. ಬಿದಿರಿನ ಹೊರಮೈಯು ಬಿಲ್ಲಿನ ಬೆನ್ನಾಗಿ ಗುರಿಯ ಕಡೆಗಿರಬೇಕು. ಅದಕ್ಕೆ ಕತ್ತಿಯನ್ನು ಮುಟ್ಟಿಸಲಾಗದು, ಏಕೆಂದರೆ ಎಳೆತವನ್ನು ತಡೆಯುವ ಬಿಗಿಯಾದ ನಾರೆಲ್ಲ ಆ ಮೈಯಲ್ಲಿಯೇ ಇರುವುದು. ಹೆರೆಯುವುದೇನಿದ್ದರೂ ಒಳಮೈಯಲ್ಲಿ. ಸ್ವಲ್ಪ ಹೆರೆದು, ಹೆದೆಯೇರಿಸಿ, ದೂರ ನಿಂತು ಎರಡು ತೋಳುಗಳೂ ಸಮನಾಗಿ ಬಾಗುತ್ತಿವೆಯೇ ಎಂದು ನೋಡುವುದು; ಬಾಗದ ಕಡೆಯಲ್ಲಿ ಇನ್ನಷ್ಟು ಹೆರೆಯುವುದು. “ಸೋತ ತೋಳನ್ನು ಸರಿಮಾಡೋಕೆ ಆಗಲ್ಲ ಸ್ವಾಮಿ, ಗಟ್ಟಿ ತೋಳನ್ನೇ ತಗ್ಗಿಸಬೇಕು” ಎನ್ನುತ್ತಿದ್ದನು.

ಹೆದೆಯನ್ನು ಹೊಸೆಯುತ್ತಿದ್ದವನು ಅವನ ತಮ್ಮ. ಅವನೂ ಮುದುಕನೇ, ಬಲಗಾಲು ಕುಂಟು. ಅಂಗಳದ ಮೂಲೆಯಲ್ಲಿ ಕುಳಿತು ಮಾತಿಲ್ಲದೆ ನಾರನ್ನು ತೊಡೆಯ ಮೇಲೆ ಉಜ್ಜಿ ಹುರಿಮಾಡುವುದೇ ಅವನ ಕೆಲಸ. ಕತ್ತಿಯಂತಹ ದಪ್ಪನೆಯ ಎಲೆಗಳುಳ್ಳ ಒಂದು ಗಿಡದ ನಾರು ಅದು. ಮೂರ್ವೆಯೆಂದರೆ ಈ ಗಿಡವೇ ಎಂದು ಹಲವರು ಹೇಳುವರು. ಮೌರ್ವೀ ಎಂಬ ಹೆಸರು ಬಂದುದು ಮೂರ್ವೆಯಿಂದ. ಕಾವ್ಯದಲ್ಲಿ ನೂರು ಸಲ ಓದಿದ ಶಬ್ದವು ಅಲ್ಲಿ ಮಣ್ಣಿನ ಅಂಗಳದಲ್ಲಿ ಹಸುರಾಗಿ ಬಿದ್ದಿದ್ದಿತು. ಹೆದೆಯು ಬಿಲ್ಲಿನಿಂದ ಒಂದು ಮುಷ್ಟಿ ಮತ್ತು ಎತ್ತಿದ ಹೆಬ್ಬೆರಳಿನಷ್ಟು ದೂರ ನಿಲ್ಲಬೇಕು. ಹತ್ತಿರವಾದರೆ ಬಿಚ್ಚಿ ಇನ್ನು ನಾಲ್ಕು ಸುತ್ತು ಹುರಿಯೇರಿಸಿದರೆ ಹೆದೆಯು ಗಿಡ್ಡವಾಗಿ ಅಂತರವು ಹೆಚ್ಚುವುದು. ನಾನು ಅವಸರದಿಂದ ಇದನ್ನು ನೋಡದೆ ಎಳೆದು ಬಿಟ್ಟೆನು. ಹೆದೆಯು ನನ್ನ ಎಡಮುಂಗೈಗೆ ಬಡಿದ ಏಟಿಗೆ ಎಂಟು ದಿನ ಕಂದು ಹೋಗಲಿಲ್ಲ. ದುಷ್ಯಂತನ ತೋಳಿನ ಮೇಲೆ ಹೆದೆಯ ಗಾಯದ ಗುರುತಿದ್ದಿತೆಂದು ಕಾಳಿದಾಸನು ಏತಕ್ಕೆ ಹೇಳಿದನೆಂಬುದೂ, ಜ್ಯಾಘಾತವಾರಣವೆಂಬ ಆರಕ್ಷರದ ಶಬ್ದಕ್ಕೆ ಕೋಶದಲ್ಲಿ ಸ್ಥಳವೇಕೆ ಬೇಕಾಯಿತೆಂಬುದೂ ಅಂದು ನನಗೆ ಅರ್ಥವಾಯಿತು.

ಮೈಸೂರಿನ ಓರಿಯೆಂಟಲ್ ಗ್ರಂಥಾಲಯದ ಓಲೆಗಳಿಂದ ಆರ್. ಶಾಮಶಾಸ್ತ್ರಿಗಳು ಹೊರತೆಗೆದು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಒಮ್ಮೆ ಹಟ್ಟಿಗೆ ತೆಗೆದುಕೊಂಡು ಹೋದೆನು. ಆಯುಧಾಗಾರದ ಅಧ್ಯಾಯದಲ್ಲಿ ತಾಳೆ, ಬಿದಿರು, ಮರ, ಕೊಂಬು ಎಂದು ಬಿಲ್ಲಿನ ನಾಲ್ಕು ಬಗೆಗಳನ್ನೂ, ಹೆದೆಗೆ ಮೂರ್ವೆ, ಎಕ್ಕ, ಸೆಣಬು, ಬಿದಿರು, ನರ ಮುಂತಾದುವನ್ನೂ ಹೇಳಿದೆ. ಒಂದೊಂದನ್ನಾಗಿ ಓದಿ ಹೇಳಿದೆನು. ಇಬ್ಬರು ಮುದುಕರೂ ಸಂತೆಯಲ್ಲಿ ಎತ್ತಿನ ಬೆಲೆ ಕಟ್ಟುವವರಂತೆ ಕೇಳಿದರು. “ಎಕ್ಕ ಸರಿ. ನರ ಮಳೆಗಾಲದಲ್ಲಿ ಸಡಿಲ ಬೀಳ್ತದೆ. ಬಿದಿರಿನ ಸೀಳಾದರೆ ಮಳೆಗೆ ಹೆದರಲ್ಲ” ಎಂದು ತಮ್ಮನು ಹೇಳಿದನು. ಅವನು ನನ್ನೆದುರು ಇಷ್ಟು ಮಾತಾಡಿದ್ದು ಅದೇ ಮೊದಲು. ಶಾಕುಂತಲದಲ್ಲಿ ಸೇನಾಪತಿಯು ಬೇಟೆಯಿಂದ ಹೊಟ್ಟೆ ಕರಗಿ ಮೈ ಹಗುರಾಗುವುದೆಂದು ಹೊಗಳುವ ಮಾತನ್ನೂ ಹೇಳಿದೆನು. ಅಜ್ಜನು ನಕ್ಕು ನಕ್ಕು ಕೆಮ್ಮಿದನು. “ಹೊಟ್ಟೆ ಕರಗಲಿ ಅಂತ ಬೇಟೆಗೆ ಹೋಗೋರೂ ಉಂಟಾ ಸ್ವಾಮಿ!”

ಬಾಣದ ಗಡುಸಿನ ರಹಸ್ಯವನ್ನು ಹೇಳಿಕೊಟ್ಟವನೂ ಇವನೇ. ಬಾಣವು ಬಿಲ್ಲಿನ ನಟ್ಟನಡುವೆ ಕೂರದೆ ಅದರ ಪಕ್ಕದಲ್ಲಿ ಒರಗಿರುವುದು. ಹೆದೆಯಾದರೋ ನೇರವಾಗಿ ನಡುವಿಗೆ ನುಗ್ಗುವುದು. ಹಾಗಾದರೆ ಬಾಣವು ಓರೆಯಾಗಿ ಹೋಗಬೇಕಷ್ಟೆ? ಹೋಗುವುದಿಲ್ಲ, ಹೆದೆಯ ನೂಕಿಗೆ ಅದು ಹಾವಿನಂತೆ ಬಳುಕಿ ಬಿಲ್ಲನ್ನು ಬಳಸಿಕೊಂಡು ಗುರಿಗೆ ನೆಟ್ಟಗಾಗುವುದು. ಅಮೆರಿಕದ ಕ್ಲಾರೆನ್ಸ್ ಹಿಕ್‌ಮನ್ ಎಂಬ ವಿಜ್ಞಾನಿಯು 1930ರ ದಶಕದಲ್ಲಿ ಅತಿವೇಗದ ಛಾಯಾಚಿತ್ರಗಳಿಂದ ಇದನ್ನು ಕಣ್ಣಿಗೆ ಕಾಣಿಸಿದನೆಂದು ನಾನು ಬಹುಕಾಲದ ಮೇಲೆ ಓದಿದೆನು. ಬಲಗೈಯವನ ಬಾಣವು ಬಳುಕದಷ್ಟು ಗಡುಸಾದರೆ ಎಡಕ್ಕೂ, ಅತಿಯಾಗಿ ಬಳುಕಿದರೆ ಬಲಕ್ಕೂ ಹೋಗುವುದು. ಅಜ್ಜನು ಪ್ರತಿಯೊಂದು ಕಡ್ಡಿಯನ್ನೂ ಬೆರಳುಗಳ ನಡುವೆ ಬಗ್ಗಿಸಿ ನೋಡಿ, ಒಂದನ್ನು ಈ ಬಿಲ್ಲಿಗೆ, ಮತ್ತೊಂದನ್ನು ಒಲೆಗೆ ಎಂದು ಬೇರ್ಪಡಿಸುತ್ತಿದ್ದನು. ಒಂದು ಬಾಣದ ಗರಿಗಳೆಲ್ಲ ಹಕ್ಕಿಯ ಒಂದೇ ಪಕ್ಕದ ರೆಕ್ಕೆಯವಾಗಿರಬೇಕೆಂಬುದೂ ಅವನ ಕಟ್ಟುನಿಟ್ಟು.

ಬೇಟೆಯ ದಿನಚರಿಯನ್ನು ಕೇಳಿದರೆ ಅದರಲ್ಲಿ ಕಾವ್ಯದ ಆರ್ಭಟವೊಂದೂ ಇರಲಿಲ್ಲ. ಕೋಳಿ ಕೂಗುವ ಮೊದಲೇ ಏಳುವುದು. ಬೀಡಿಯಿಲ್ಲ, ತಲೆಗೆ ಎಣ್ಣೆಯಿಲ್ಲ. ಹಿಡಿ ಧೂಳನ್ನು ತೂರಿ ಗಾಳಿಯ ದಿಕ್ಕನ್ನು ನೋಡಿ ಅದಕ್ಕೆ ಎದುರಾಗಿ ನಡೆಯುವುದು. ಆಮೇಲೆ ಕುಳಿತಲ್ಲಿಯೇ ಕುಳಿತಿರುವುದು. ಇಪ್ಪತ್ತು ಹೆಜ್ಜೆಗಳಾಚೆಗೆ ಬಾಣ ಬಿಡುತ್ತಿರಲಿಲ್ಲ, ಏಕೆಂದರೆ ಬಾಣಕ್ಕಿಂತ ಮೊದಲು ಹೆದೆಯ ಸದ್ದು ಮುಟ್ಟಿ ಮೃಗವು ಜಿಗಿದುಬಿಡುವುದು. ನಾಟಿದ ಮೇಲೂ ಓಡಿಹೋಗಿ ಅಟ್ಟಬಾರದು. ಬಿಟ್ಟರೆ ಹತ್ತಿರದಲ್ಲಿಯೇ ಮಲಗುವುದು, ಅಟ್ಟಿದರೆ ಹರದಾರಿ ಓಡುವುದು. ಗಾಯಗೊಂಡುದನ್ನು ನೆತ್ತರ ಜಾಡು ಹಿಡಿದು ಹುಡುಕದೆ ಮನೆಗೆ ಬಂದವನಿಗೆ ಹಟ್ಟಿಯಲ್ಲಿ ಮರ್ಯಾದೆಯಿಲ್ಲ. ಮಾಂಸವನ್ನು ಹಂಚುವಾಗ ನಾಯಿಗೂ ಪಾಲುಂಟು. ಇದನ್ನು ಕೇಳಿದಾಗ ನನಗೆ ಆತಕೂರಿನ ಶಾಸನವು ನೆನಪಾಯಿತು, ಕ್ರಿ. ಶ. 950ರ ಸುಮಾರಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಗೆ ಕಲ್ಲು ನಿಲ್ಲಿಸಿದ ನಾಡಲ್ಲವೆ ನಮ್ಮದು? ಹತ್ತು ದಿನಗಳಲ್ಲಿ ಏಳು ದಿನ ಬರಿಗೈಯಲ್ಲಿ ಬರುತ್ತಿದ್ದೆವೆಂದು ಅಜ್ಜನು ಹೇಳಿದನು.

ಎರಡು ವರ್ಷಗಳು ಕಳೆದ ಮೇಲೆ, ಕಡಲೆಕಾಯಿ ಸುಗ್ಗಿಯ ಒಂದು ಸಂಜೆ, ಮೊದಲನೆಯ ದಿನ ಶಾಲೆಗೆ ಏಕೆ ಬಂದಿರಿ ಎಂದು ಕೇಳಿದೆನು. ತಮ್ಮನು ಒಳಗೆ ಹೋಗುವವರೆಗೆ ಸುಮ್ಮನಿದ್ದು ಆಮೇಲೆ ಹೇಳಿದನು. ಆಗ ಅವನಿಗೆ ಇಪ್ಪತ್ತೆರಡು ವರ್ಷ. ಬೇಸಗೆಯಲ್ಲಿ ಗುಡ್ಡದ ನಡುವಣ ಕೆರೆಯ ಬಳಿ ಹಂದಿಗಾಗಿ ಕಾದಿದ್ದನು. ಬೆಳಕು ಹರಿದಿರಲಿಲ್ಲ. ನೀರಿನ ಬಳಿ ಪೊದೆ ಅಲುಗಿತು. ಗುಟುಕು ಗುಟುಕಾಗಿ ನೀರು ಕುಡಿಯುವ ಸದ್ದಾಯಿತು. ಬಿಟ್ಟನು. ಬುತ್ತಿ ತಂದಿದ್ದ ತಮ್ಮನು ಬಾಯಾರಿ ಕೆರೆಗೆ ಬಾಯಿಟ್ಟು ಬಗ್ಗಿದ್ದನು. ಬಾಣವು ತೊಡೆಯಲ್ಲಿ ನಾಟಿತು. ಅವನನ್ನು ಬೆನ್ನ ಮೇಲೆ ಹೊತ್ತು ಹಟ್ಟಿಗೆ ಬರುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿದ್ದಿತಂತೆ.

“ದಶರಥನ ಕಥೆಯನ್ನು ಕೇಳಿರಲಿಲ್ಲವೆ ಅಜ್ಜ?” ಎಂದು ನಾನು ಕೇಳಿಬಿಟ್ಟೆನು. ಎಂತಹ ಪ್ರಶ್ನೆ!

“ಕೇಳಿದ್ದೆ ಸ್ವಾಮಿ, ಹರಿಕಥೇಲಿ. ಕೇಳಿದ್ದು ಕೈಗೆ ಇಳಿದಿರಲಿಲ್ಲ.”

ಬೇಟೆಯನ್ನು ಬಿಡಲಿಲ್ಲವೆಂದೂ ಅವನೇ ಹೇಳಿದನು. ಮನೆಯಲ್ಲಿ ಒಂಬತ್ತು ಬಾಯಿಗಳಿದ್ದುವು. ಉಣಿಸುವ ಎರಡು ಕೈಗಳು ಮೂಲೆ ಸೇರಿದ್ದುವು. ತಮ್ಮನೇ ಒಂದು ದಿನ ಹೊಸ ಹೆದೆಯನ್ನು ಹೊಸೆದು ತಂದುಕೊಟ್ಟು, ಹೋಗಿಬಾ ಎಂದನಂತೆ.

ಮರುವರ್ಷ ಆ ಪಾಠ ಬಂದಾಗ ನಾನು ರಘುವಂಶದ ಒಂಬತ್ತನೆಯ ಸರ್ಗವನ್ನು ಮತ್ತೆ ತೆರೆದು, ನಾನು ಹಾರಿಸಿಕೊಂಡು ಹೋಗುತ್ತಿದ್ದ ಒಂದು ಭಾಗವನ್ನು ಮಕ್ಕಳಿಗೆ ಬಿಡಿಸಿ ಹೇಳಿದೆನು. ಅದೇ ಬೇಟೆಯಲ್ಲಿ ದಶರಥನು ಒಂದು ಗಂಡುಜಿಂಕೆಗೆ ಗುರಿಯಿಟ್ಟಿರುವಾಗ ಹೆಣ್ಣುಜಿಂಕೆಯು ಬಂದು ಅಡ್ಡ ನಿಲ್ಲುವುದು. ಅದನ್ನು ಕಂಡು ಅವನು ಬಾಣವನ್ನು ಹಿಂದಕ್ಕೆ ತೆಗೆದುಕೊಳ್ಳುವನು. ಕಂಡುದರಿಂದ ಆ ಮೃಗವು ಬದುಕಿತು. ತಮಸಾನದಿಯ ದಡದಲ್ಲಿ ಕೊಡದ ಸದ್ದು ಮಾತ್ರ ಕೇಳಿಸಿತು. ಶಬ್ದವೇಧಿಯನ್ನು ನಾನು ಮತ್ತೆ ಹೊಗಳಲಿಲ್ಲ. ಮುದುಕನ ಮೊಮ್ಮಗನು ಅಷ್ಟರಲ್ಲಿ ಮುಂದಿನ ತರಗತಿಗೆ ಹೋಗಿಯಾಗಿದ್ದಿತು. ಅವನನ್ನು ಕರೆಸಿ ಹಿಂದಿನ ಬೆಂಚಿನಲ್ಲಿ ಕೂರಿಸಿಕೊಂಡೆನು.

ವನ್ಯಜೀವಿ ಸಂರಕ್ಷಣಾ ಕಾಯಿದೆಯು 1972ರ ಸೆಪ್ಟೆಂಬರಿನಲ್ಲಿ ಬಂದಿತು. ಬಹುಕಾಲ ಬಿಟ್ಟುಹೋಗಿದ್ದ ಬಿಲ್ಲಿನ ಸ್ಪರ್ಧೆಯು ಒಲಿಂಪಿಕ್ ಪಂದ್ಯಗಳಿಗೆ ಮ್ಯೂನಿಕ್ ನಗರದಲ್ಲಿ ಮರಳಿ ಬಂದುದೂ ಅದೇ ತಿಂಗಳಿನಲ್ಲಿ. ಕಾಯಿದೆಯು ಸರಿಯೆಂದೇ ನನ್ನ ಮತ. ಅಜ್ಜನೂ ಕೃಷ್ಣಮೃಗಗಳು ತನ್ನ ಕಣ್ಣೆದುರಿಗೇ ಕಡಮೆಯಾದುವೆಂದೂ, ಅವನ್ನು ಮುಗಿಸಿದುದು ಜೀಪಿನ ದೀಪ ಮತ್ತು ಬಂದೂಕವೆಂದೂ ಹೇಳುತ್ತಿದ್ದನು. ಅಂದಿನಿಂದ ಅವನು ಕಡಲೆಕಾಯಿ ಹೊಲಗಳಲ್ಲಿ ಕೂಲಿಗೆ ಹೋದನು. ಬಿಲ್ಲು ಸೂರಿಗೇರಿತು.

1991ರಲ್ಲಿ ನನಗೆ ವರ್ಗವಾದಾಗ ಅದನ್ನು ನನಗೇ ಕೊಟ್ಟನು. ತಮ್ಮನು ಅಷ್ಟರಲ್ಲಿ ತೀರಿಕೊಂಡಿದ್ದನು. ಹೆದೆಯನ್ನು ಮಾತ್ರ ಬಿಚ್ಚಿ ತಾನೇ ಇಟ್ಟುಕೊಂಡನು.

ಇದನ್ನೆಲ್ಲ ಹಿತ್ತಲಿನ ಕಲ್ಲಿನ ಮೇಲೆ ಕುಳಿತು ಹೇಳಿದಾಗ ಮೊಮ್ಮಗನು ಅಟ್ಟ ಹತ್ತಿ ಬಿಲ್ಲನ್ನು ಇಳಿಸಿ ತಂದನು. ತನ್ನ ಬಳಿಯಿದ್ದ ಬೇರೊಂದು ಹೆದೆಯನ್ನು ಏರಿಸಿ ನೋಡಲೇ ಎಂದು ಕೇಳಿದನು. ಇಷ್ಟು ವರ್ಷ ಒಣಗಿದ ಬಿದಿರು, ಬಗ್ಗಿಸಿದರೆ ಸೀಳುವುದು ಎಂದೆನು. ಅವನು ಅದರ ಒಳಮೈಯಲ್ಲಿದ್ದ ಕತ್ತಿಯ ಗುರುತುಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದನು; ಆಮೇಲೆ ಹಳೆಯ ಪಂಚೆಯಲ್ಲಿ ಸುತ್ತಿ ಮತ್ತೆ ಅಟ್ಟಕ್ಕೆ ಏರಿಸಿದನು. ಮಧ್ಯಾಹ್ನ ಊಟವಾದ ಮೇಲೆ ಹಿತ್ತಲಿಗೆ ಹೋಗಿ ಹುಲ್ಲಿನ ಪೆಂಡಿಗಳ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಸುತ್ತಿ ನೋಡಿ ಬಂದು, ಎಡಕ್ಕೆ ಹೋಗುವ ಆ ಬಾಣಗಳನ್ನೇ ಮತ್ತೆ ಬಿಡತೊಡಗಿದನು.