ಶ್ರೀನಾಥ್ ಹಾಕಿದ ಆ ಓವರ್

1999ರ ಫೆಬ್ರವರಿ 7, ದೆಹಲಿಯ ಕೋಟ್ಲಾ ಮೈದಾನ. 420 ರನ್ ಬೆನ್ನತ್ತಿದ್ದ ಪಾಕಿಸ್ತಾನ ಒಂದೂ ವಿಕೆಟ್ ಹೋಗದೆ 101ಕ್ಕೆ ಬಂದಿತ್ತು. ಆಮೇಲೆ ನಮ್ಮ ಅನಿಲ್ ಕುಂಬ್ಳೆ ಒಬ್ಬೊಬ್ಬರನ್ನೇ ಕಳಿಸುತ್ತಾ ಒಂಬತ್ತು ವಿಕೆಟ್ ತೆಗೆದರು. ಎಲ್ಲರೂ ಹೇಳುವುದು ಹತ್ತನೆಯದರ ಬಗ್ಗೆ: ವಾಸಿಂ ಅಕ್ರಂ ಔಟ್, ಕ್ಯಾಚ್ ಹಿಡಿದದ್ದು ಲಕ್ಷ್ಮಣ್.

ನನಗೆ ಅದಕ್ಕಿಂತ ಇಷ್ಟ, ಅದಕ್ಕೆ ಮುಂಚೆ ಇನ್ನೊಂದು ತುದಿಯಿಂದ ಜಾವಗಲ್ ಶ್ರೀನಾಥ್ ಹಾಕಿದ ಓವರ್. ಕೊನೇ ವಿಕೆಟ್ ತನಗೆ ಬಿದ್ದುಬಿಟ್ಟರೆ ಗೆಳೆಯನ ದಾಖಲೆ ಹೋಯಿತು ಅಂತ ಚೆಂಡನ್ನು ಬೇಕಂತಲೇ ಸ್ಟಂಪ್‌ನಿಂದ ದೂರ ಹಾಕಿದರು. ವೈಡ್ ಕೂಡ ಆಯಿತು. ವೇಗದ ಬೌಲರ್‌ಗೆ ಇದು ಸುಲಭವಾ? ವರ್ಷಗಟ್ಟಲೆ ವಿಕೆಟ್‌ಗೇ ಗುರಿಯಿಟ್ಟು ಪಳಗಿದ ಕೈ ಅದು.

ಆ ಸ್ಕೋರ್‌ಕಾರ್ಡ್ ಮೊಬೈಲಲ್ಲಿ ಸಿಕ್ಕರೆ ನೋಡಿ. ಕುಂಬ್ಳೆ 74ಕ್ಕೆ 10. ಶ್ರೀನಾಥ್ ಹೆಸರಿನ ಮುಂದೆ ವಿಕೆಟ್ ಸೊನ್ನೆ.