ಮೈತ್ರಿಕೂಟದ ನ್ಯಾಯ

ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ರೋಬಾಟುಗಳ ಮಾತೇಕೆ ಎಂದು ಸಂಘದ ಬಂಧುಗಳು ಕೇಳಬಹುದು. ಸೊಲ್ಲಾಪುರದ ನಮ್ಮ ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳು ನ್ಯಾಯ ಅನ್ಯಾಯಗಳ ಪಾಠವನ್ನು ಇಂದು ಎಲ್ಲಿ ಕಲಿಯುತ್ತಿದ್ದಾರೆ ಎಂಬುದು ಸಾಹಿತ್ಯಕ್ಕೆ ಹೊರಗಿನ ವಿಷಯವೆಂದು ನಮಗೆ ತೋರುವುದಿಲ್ಲ. ಕೆಲವು ವರ್ಷಗಳಿಂದ ನಾವು ನಾಲ್ಕಾರು ಪಾಲಕರು ಮಕ್ಕಳ ತಂಡದೊಡನೆ ರೋಬಾಟ್ ಸ್ಪರ್ಧೆಗಳಿಗೆ ಹೋಗಿಬರುತ್ತಿದ್ದೇವೆ. ತಂಡದಲ್ಲಿ ಕನ್ನಡದ ಮನೆಯವರಿದ್ದಾರೆ. ಮರಾಠಿ, ತೆಲುಗು, ಉರ್ದು ಮನೆಮಾತಿನವರೂ ಇದ್ದಾರೆ. ಅಲ್ಲಿ ಕಂಡದ್ದನ್ನು ನಮ್ಮವರ ಮುಂದಿಡಬೇಕೆನಿಸಿದೆ.

ಈ ಸ್ಪರ್ಧೆಗಳ ಮೂಲ ಅಮೆರಿಕೆಯಲ್ಲಿದೆ. ಡೀನ್ ಕೇಮನ್ ಎಂಬ ಸಂಶೋಧಕರು 1989ರಲ್ಲಿ ‘ಫಸ್ಟ್’ ಸಂಸ್ಥೆಯನ್ನು ಸ್ಥಾಪಿಸಿದರು. 1992ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಮೊದಲ ಸ್ಪರ್ಧೆ ನಡೆಯಿತು. ಗೆಲುವಿಗಾಗಿ ಸೆಣಸುವಾಗಲೂ ಎದುರಾಳಿಯ ಘನತೆಯನ್ನು ಕಾಯಬೇಕೆಂಬ ತತ್ತ್ವವನ್ನು ಅದಕ್ಕೆ ತಂದುಕೊಟ್ಟವರು ಎಂ.ಐ.ಟಿ.ಯ ಪ್ರಾಧ್ಯಾಪಕ ವುಡಿ ಫ್ಲವರ್ಸ್. ಮೊದಮೊದಲು ಪ್ರತಿ ತಂಡವೂ ತನ್ನಷ್ಟಕ್ಕೆ ತಾನು ಆಡುತ್ತಿತ್ತು. 1999ರಲ್ಲಿ ಮೈತ್ರಿಕೂಟದ ಪದ್ಧತಿ ಬಂದಿತು. ನಮ್ಮ ಮಕ್ಕಳು ಆಡುವ ‘ಫಸ್ಟ್ ಟೆಕ್ ಚಾಲೆಂಜ್’ನಲ್ಲಿ ಕಣವು 12 ಅಡಿ ಉದ್ದ, 12 ಅಡಿ ಅಗಲ. ಕೆಂಪು ಕೂಟದಲ್ಲಿ ಎರಡು ತಂಡ, ನೀಲಿ ಕೂಟದಲ್ಲಿ ಎರಡು ತಂಡ. ಮೊದಲ 30 ಸೆಕೆಂಡು ರೋಬಾಟು ಬರೆದಿಟ್ಟ ಪ್ರೋಗ್ರಾಮಿನಂತೆ ತಾನೇ ನಡೆಯುತ್ತದೆ. ಅನಂತರದ 2 ನಿಮಿಷ ಮಕ್ಕಳು ಅದನ್ನು ನಡೆಸುತ್ತಾರೆ. ಅರ್ಹತಾ ಸುತ್ತಿನಲ್ಲಿ ಜೊತೆಗಾರರನ್ನು ಆರಿಸಿಕೊಳ್ಳುವಂತಿಲ್ಲ. ಆಟದ ಪಟ್ಟಿಯೇ ಜೋಡಿಯನ್ನು ಕೂಡಿಸುತ್ತದೆ. ಈ ಪಂದ್ಯದ ಎದುರಾಳಿ ಮುಂದಿನ ಪಂದ್ಯದಲ್ಲಿ ಜೊತೆಗಾರನಾಗಬಹುದು.

ಈ ಸುತ್ತು ಮುಗಿದ ಮೇಲೆ ಶ್ರೇಯಾಂಕದಲ್ಲಿ ಮೇಲಿರುವ ತಂಡಗಳು ನಾಯಕರಾಗಿ, ಎಲ್ಲರೆದುರು ತಮ್ಮ ಜೊತೆಗಾರರನ್ನು ಆಹ್ವಾನಿಸುತ್ತವೆ. ಇಲ್ಲೊಂದು ಕಠಿಣ ನಿಯಮವುಂಟು. ಆಹ್ವಾನವನ್ನು ನಿರಾಕರಿಸಿದ ತಂಡವನ್ನು ಬೇರೆ ಯಾವ ನಾಯಕನೂ ಮತ್ತೆ ಕರೆಯುವಂತಿಲ್ಲ. ಶ್ರೇಯಾಂಕದ ಬಲವಿದ್ದರೆ ಅದು ತಾನೇ ನಾಯಕನಾಗಿ ಆಡಬಹುದು, ಇಲ್ಲವಾದರೆ ಮನೆಗೆ ನಡೆಯಬೇಕು. ಇದು ದಂಡನೆಯಲ್ಲವೇ ಎಂದು ಪಾಲಕರು ಆಕ್ಷೇಪಿಸುವುದುಂಟು. ನಮಗೆ ಹಾಗೆ ತೋರಿಲ್ಲ. ನಿರಾಕರಣೆಗೆ ಬೆಲೆಯೇ ಇಲ್ಲದಿದ್ದರೆ, ಬಲಿಷ್ಠ ತಂಡವೊಂದು ತನಗೆ ಬೇಕಾದ ಗೆಳೆಯರ ಕರೆ ಬರುವವರೆಗೆ ಉಳಿದವರಿಗೆಲ್ಲ ಒಲ್ಲೆನೆನ್ನುತ್ತಾ ಕುಳಿತಿರಬಹುದಾಗಿತ್ತು. ಆಯ್ಕೆಯು ತೆರೆಯ ಹಿಂದೆಯೇ ಮುಗಿದು, ಕಣದಲ್ಲಿ ಅದರ ಅಣಕವಷ್ಟೇ ನಡೆಯುತ್ತಿತ್ತು. ನಿಯಮವು ‘ಇಲ್ಲ’ ಎನ್ನುವ ಹಕ್ಕನ್ನು ಕಸಿದಿಲ್ಲ. ಆ ಮಾತನ್ನು ಹೊಣೆಯರಿತು ಆಡು ಎಂದಿದೆ.

ಆದರೆ ನಿಯಮದ ನಿಜವಾದ ಪರೀಕ್ಷೆ ನಡೆಯುವುದು ಈ ಆಯ್ಕೆಗೆ ಮುಂಚೆ. ಪರಸ್ಥಳದ ಸ್ಪರ್ಧೆಯೊಂದರಲ್ಲಿ ನಮ್ಮ ಮಕ್ಕಳು ಕೊನೆಯ ಅರ್ಹತಾ ಪಂದ್ಯವನ್ನು ಪರಿಚಯದ ತಂಡವೊಂದರ ವಿರುದ್ಧ ಆಡಬೇಕಾಯಿತು. ಆ ತಂಡದ ಹಿರಿಯರು ನಮ್ಮಂತೆಯೇ ಕನ್ನಡಿಗರು. ಅವರು ಮಕ್ಕಳಿದ್ದಲ್ಲಿಗೆ ಬಂದು, ನೀವು ಹೇಗೂ ಮೇಲಿನ ಸ್ಥಾನಕ್ಕೆ ಏರುವಂತಿಲ್ಲ. ಈ ಪಂದ್ಯದಲ್ಲಿ ತುಸು ಸಡಿಲ ಬಿಟ್ಟರೆ ನಾವು ನಾಯಕರಾಗುತ್ತೇವೆ, ಆಗ ನಿಮ್ಮನ್ನೇ ಕರೆಯುತ್ತೇವೆ, ಎಷ್ಟಾದರೂ ನಾವು ನಾವು ಕನ್ನಡದವರಲ್ಲವೇ, ಎಂದು ಮೆಲ್ಲಗೆ ಹೇಳಿದರು. ಲೆಕ್ಕ ತಪ್ಪಾಗಿರಲಿಲ್ಲ. ಮುಂದಿನ ಸುತ್ತಿಗೆ ಹೋಗಲು ನಮ್ಮ ಮಕ್ಕಳಿಗಿದ್ದ ದಾರಿ ಬಹುಶಃ ಅದೊಂದೇ.

ಆ ಪಂದ್ಯದಲ್ಲಿ ನಮ್ಮ ಜೊತೆಗಾರರಾಗಿದ್ದದ್ದು ಹಳ್ಳಿಯ ಶಾಲೆಯೊಂದರ ಮರಾಠಿ ಮಕ್ಕಳು. ಅವರಿಗೆ ಅದು ಮೊದಲ ವರ್ಷ. ಅಲ್ಲಿಯವರೆಗೆ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಸಡಿಲವಾದ ಚಕ್ರವನ್ನು ನಮ್ಮವರ ಸ್ಪ್ಯಾನರಿನಿಂದಲೇ ಬಿಗಿಮಾಡುತ್ತಾ ಅವರು ಪಕ್ಕದಲ್ಲೇ ಕುಳಿತಿದ್ದರು. ಅವರತ್ತ ನೋಡಿ ನಮ್ಮ ತಂಡದ ಒಂಬತ್ತನೆಯ ತರಗತಿಯ ಹುಡುಗಿ ಆ ಹಿರಿಯರಿಗೆ ಹೇಳಿದಳು: “ಕಾಕಾ, ಈ ಮ್ಯಾಚ್ ನಮ್ದಷ್ಟೇ ಅಲ್ರಿ, ಅವ್ರದೂ ಐತಿ. ಅವ್ರಿಗೆ ಏನಂತ ಹೇಳೂಣು?”

ಮಕ್ಕಳು ಪೂರ್ಣ ಬಲದಿಂದ ಆಡಿದರು, ಕೆಲವೇ ಅಂಕಗಳಿಂದ ಗೆದ್ದರು. ಪರಿಚಯದ ತಂಡ ನಾಯಕಸ್ಥಾನದಿಂದ ಕೆಳಗಿಳಿಯಿತು. ಆಯ್ಕೆಯ ಹೊತ್ತಿಗೆ ನಮ್ಮ ಮಕ್ಕಳ ಹೆಸರನ್ನು ಯಾರೂ ಕರೆಯಲಿಲ್ಲ. ಊರಿಗೆ ಮರಳಿದ ಮೇಲೆ, ನಮ್ಮವರೇ ನಮ್ಮವರಿಗೆ ಕೈಕೊಟ್ಟರೆಂಬ ಮಾತೂ ಕಿವಿಗೆ ಬಿದ್ದಿತು.

ಈ ಸ್ಪರ್ಧೆಗಳ ನಿಯಮಪುಸ್ತಕವು ಬೇರೆ ತಂಡವನ್ನು ಬೇಕೆಂದೇ ಸೋಲುವಂತೆ ಕೇಳುವುದನ್ನೂ, ಅಂಥ ಒತ್ತಾಯಕ್ಕೆ ಮಣಿಯುವುದನ್ನೂ ತಪ್ಪೆಂದೇ ಎಣಿಸುತ್ತದೆ. ಇಂಥ ನಿಯಮಗಳು ಸುಮ್ಮನೆ ಹುಟ್ಟಿದವಲ್ಲ. ಇದೇ ಸಂಸ್ಥೆ ದೊಡ್ಡ ರೋಬಾಟುಗಳಿಗಾಗಿ ನಡೆಸುವ ಸ್ಪರ್ಧೆಯಲ್ಲಿ 2010ರ ಆಟ ಕಾಲ್ಚೆಂಡಿನ ಮಾದರಿಯದು. ಆ ವರ್ಷ ಶ್ರೇಯಾಂಕದ ಲೆಕ್ಕದಲ್ಲಿ ಸೋತವರಿಗೂ ಗೆದ್ದವರ ಅಂಕವೇ ಸಲ್ಲುತ್ತಿತ್ತು. ಆರೂ ತಂಡಗಳು ಸೇರಿ ಒಂದೇ ಕಡೆ ಗೋಲು ಹೊಡೆಯುವುದು ಲಾಭವೆಂಬ ಎಣಿಕೆಗೆ ಅದು ಎಡೆಮಾಡಿತು. ಅದು ಸರಿಯೋ ತಪ್ಪೋ ಎಂದು ವಾದಿಸಬಹುದು. ಅಲ್ಲಿ ಕಣದಲ್ಲಿದ್ದವರೆಲ್ಲರಿಗೂ ಒಪ್ಪಂದ ತಿಳಿದಿರುತ್ತಿತ್ತು. ನಮ್ಮ ಮಕ್ಕಳನ್ನು ಕೇಳಿದ್ದು ಅಂಥದ್ದಲ್ಲ. ಪಕ್ಕದಲ್ಲಿ ಕುಳಿತ ಜೊತೆಗಾರನಿಗೆ ತಿಳಿಯದಂತೆ ಅವನ ಪಾಲಿನ ಗೆಲುವನ್ನೂ ಸೇರಿಸಿ ಬಿಟ್ಟುಕೊಡಬೇಕಿತ್ತು.

ನಮ್ಮ ಹಿರಿಯರ ಹೊಲಗಳಲ್ಲಿ ಮುಯ್ಯಾಳಿನ ಪದ್ಧತಿಯಿತ್ತು. ಇಂದು ನಾವು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ಮುಯ್ಯಿಗೆ ಹೋದವನು ಕಳೆ ಬಿಟ್ಟು ಕಿತ್ತರೆ ನಷ್ಟವಾಗುತ್ತಿದ್ದುದು ಹೊಲದೊಡೆಯನಿಗೆ. ಆದ್ದರಿಂದಲೇ ಪರರ ಹೊಲದಲ್ಲಿ ಮೈಗಳ್ಳತನ ಮಾಡುವವನನ್ನು ಊರು ಹಗುರವಾಗಿ ಕಾಣುತ್ತಿತ್ತು. ಒಬ್ಬನೇ ಆಡುವ ಆಟದಲ್ಲಿ ಸೋಲನ್ನು ದಾನ ಮಾಡುವವನು ತನ್ನದನ್ನು ಕೊಡುತ್ತಾನೆ. ಕೂಟದಲ್ಲಿ ಅದನ್ನು ಮಾಡುವವನು ಪರರ ಸ್ವತ್ತನ್ನು ಕೊಡುತ್ತಾನೆ.

ಗಡಿಯಾಚೆಯ ಕನ್ನಡಿಗರಾದ ನಮಗೆ ‘ನಮ್ಮವರು’ ಎಂಬ ಮಾತು ಬಹು ದೊಡ್ಡದು. ಆ ಮಾತಿನ ಬಲದಿಂದಲೇ ಈ ಸಂಘ ನಿಂತಿದೆ, ಶಾಲೆಗಳು ಉಳಿದಿವೆ. ಅದನ್ನು ಸಡಿಲಿಸಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಇಲ್ಲಿ ನಾವು ಬಾಳುವುದು ಪ್ರತಿದಿನವೂ ಪಟ್ಟಿಯೇ ಕೂಡಿಸಿದ ಜೊತೆಗಾರರೊಡನೆ: ಅದೇ ಓಣಿ, ಅದೇ ನಲ್ಲಿ, ಅದೇ ಕಚೇರಿ. ಕನ್ನಡದ ಹೆಸರಿನಲ್ಲಿ ಅವರ ಪಾಲನ್ನು ಗುಟ್ಟಾಗಿ ಬಿಟ್ಟುಕೊಡು ಎಂದು ಮಕ್ಕಳಿಗೆ ಹೇಳಿದರೆ, ಕನ್ನಡದ ಬಗೆಗೆ ಅವರು ಕಲಿಯುವ ಪಾಠ ಯಾವುದು?

ಬರುವ ವರ್ಷವೂ ತಂಡ ಹೊರಡಲಿದೆ. ಸಂಘದ ಬಂಧುಗಳು ಬಂದು ಮಕ್ಕಳಿಗಾಗಿ ಚಪ್ಪಾಳೆ ತಟ್ಟಬೇಕೆಂಬುದು ನಮ್ಮ ಕೋರಿಕೆ. ಪ್ರತಿ ಪಂದ್ಯದಲ್ಲಿ ಅವರ ಪಕ್ಕದಲ್ಲಿ ನಿಲ್ಲುವ ತಂಡದ ಹೆಸರನ್ನೂ ಕೇಳಿ ತಿಳಿದು, ಅವರಿಗೂ ಅಷ್ಟೇ ಜೋರಾಗಿ ತಟ್ಟಿರಿ.